ಲಾಠಿಗೆ ಹೆದರಿದ ಊರು ಠಾಣೆಗೆ ಸುದ್ದಿ ಕೊಡುತ್ತದೆಯೇ?

ಹನೂರು ಸೀಮೆಯವ (ಚರ್ಚೆ ಆರಂಭಿಸಿದವರು)

ನಮ್ಮ ತಾಲ್ಲೂಕಿನಲ್ಲಿ ಪಂಪ್‌ಸೆಟ್ಟಿನ ಕೇಬಲ್ ಕಳವು ಹೆಚ್ಚಿದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ಅನುಮಾನ ಇರುವ ನಾಲ್ಕು ಜನರನ್ನು ಠಾಣೆಗೆ ಎತ್ತಿಹಾಕಿಕೊಂಡು ಹೋಗಿ ಚೆನ್ನಾಗಿ ರುಬ್ಬಿದರೆ ಎಲ್ಲವೂ ತಾನಾಗಿ ನಿಲ್ಲುತ್ತದೆ. ಹೀಗೆ ಹೇಳುವವರು ಕೆಟ್ಟವರಲ್ಲ, ನೀರಿಲ್ಲದೆ ಬೆಳೆ ಬಾಡುವುದನ್ನು ಕಂಡು ನೊಂದವರು. ಆದರೆ ಇದೇ ಸೀಮೆಯಲ್ಲಿ ಒಂದು ಕಾಲಕ್ಕೆ ನಾಲ್ಕಲ್ಲ, ನೂರಾರು ಜನರನ್ನು ಹಾಗೆ ಎತ್ತಿಕೊಂಡು ಹೋಗಲಾಗಿತ್ತು. ಅದರಿಂದ ಯಾವ ಅಪರಾಧ ನಿಂತಿತು ಎಂಬ ಲೆಕ್ಕವನ್ನು ನಾವು ಯಾರೂ ಸರಿಯಾಗಿ ಹಾಕಿದಂತಿಲ್ಲ.

ವೀರಪ್ಪನ್‌ನನ್ನು ಹಿಡಿಯಲು ಕರ್ನಾಟಕ ಮತ್ತು ತಮಿಳುನಾಡು ಸರ್ಕಾರಗಳು ವಿಶೇಷ ಕಾರ್ಯಪಡೆಗಳನ್ನು ಕಟ್ಟಿದ ಮೇಲೆ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿ, ಪೋಡುಗಳ ಜನ ಏನನ್ನು ಅನುಭವಿಸಿದರು ಎಂಬುದನ್ನು ಹೊಸ ತಲೆಮಾರಿನವರಿಗೆ ವಿವರಿಸಿ ಹೇಳಬೇಕಾಗಿದೆ. ಬೆಟ್ಟದ ಮೇಲಿನ ವಿಚಾರಣಾ ಶಿಬಿರಕ್ಕೆ ಜನರ ಬಾಯಲ್ಲಿ ‘ವರ್ಕ್‌ಶಾಪ್’ ಎಂಬ ಹೆಸರು ಬಿದ್ದಿತ್ತು. ಅಲ್ಲಿಗೆ ಹೋಗಿ ಬಂದವರಲ್ಲಿ ಸೋಲಿಗರಿದ್ದರು, ದನ ಕಾಯುವವರಿದ್ದರು, ಗಡಿಯಾಚೆಯ ತಮಿಳು ಹಳ್ಳಿಗಳ ಹೆಂಗಸರೂ ಇದ್ದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿಯ ಮುಂದೆ ಇವರ ಅಹವಾಲು ಕೇಳಿಸಿತು. ಕೊನೆಗೆ 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡುವಂತೆ ಆಯೋಗ ಹೇಳಿತು. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರಂದು. ಕಾರ್ಯಪಡೆಗಳು ಹುಟ್ಟಿ ಒಂದು ದಶಕಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ತಮಿಳುನಾಡಿನ ಗುಪ್ತ ಮಾಹಿತಿ ಜಾಲವು ಅವನನ್ನು ಕಾಡಿನಿಂದ ಹೊರಗೆಳೆದು ತಂದ ಮೇಲೆ.

ಹಾಗಾಗಿ ನನ್ನ ಪ್ರಶ್ನೆ ಇಷ್ಟೆ. ಹೊಡೆತದಿಂದ ಊರಿನ ಬಾಯಿ ತೆರೆಯಿತೇ, ಮುಚ್ಚಿತೇ? ಅಪರಾಧ ತಡೆಯುವ ಕೆಲಸದಲ್ಲಿ ಇದರಿಂದ ಆದ ಲಾಭವೇನು, ನಷ್ಟವೇನು? ಬಲ್ಲವರು ದಯವಿಟ್ಟು ಬರೆಯಬೇಕು.

ನಿವೃತ್ತ ದಫೇದಾರ

ಇಲಾಖೆಯ ಅನ್ನ ಉಂಡವನು ನಾನು. ಆದ್ದರಿಂದ ನನ್ನ ಮಾತನ್ನು ಅಷ್ಟು ಕಡಿತ ಮಾಡಿಕೊಂಡೇ ಓದಿ. ಆದರೆ ಆ ಕಾಲದ ಕಥೆಯನ್ನು ಒಂದೇ ಮಗ್ಗುಲಿನಿಂದ ಹೇಳಬೇಡಿ. 1992ರಲ್ಲಿ ವೀರಪ್ಪನ್ ಕಡೆಯವರು ರಾಮಾಪುರ ಠಾಣೆಗೇ ನುಗ್ಗಿ ಪೊಲೀಸರನ್ನು ಕೊಂದರು. ಅದೇ ವರ್ಷ ಆಗಸ್ಟಿನಲ್ಲಿ ಮೀಣ್ಯದ ಬಳಿ ಬಾತ್ಮಿಯ ಜಾಡು ಹಿಡಿದು ಹೋದ ಎಸ್ಪಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಜನ ಸತ್ತರು. ಸತ್ತವರಲ್ಲಿ ಪೊಲೀಸರೂ ಇದ್ದರು, ಅವರಿಗೆ ದಾರಿ ತೋರಿಸಿದ ಬಾತ್ಮೀದಾರರೂ ಇದ್ದರು. ಹಳ್ಳಿಯವರು ಬಾಯಿ ಬಿಡದಿದ್ದುದಕ್ಕೆ ಪೊಲೀಸರ ಹೊಡೆತವೊಂದೇ ಕಾರಣವಲ್ಲ. ಸುದ್ದಿ ಕೊಟ್ಟನೆಂಬ ಅನುಮಾನ ಬಂದರೆ ಸಾಕು, ಆ ಮನುಷ್ಯ ಬೆಳಗಾಗುವುದರೊಳಗೆ ಹೆಣವಾಗುತ್ತಿದ್ದ.

ಜೊತೆಯವರ ಹೆಣ ಹೊತ್ತವನ ಮನಸ್ಸು ಕಾನೂನಿನ ಪುಸ್ತಕದಂತೆ ನಡೆಯುವುದಿಲ್ಲ. ಇದು ಸಮರ್ಥನೆಯಲ್ಲ, ಇದ್ದ ಸಂಗತಿ.

ಹನೂರು ಸೀಮೆಯವ

ದಫೇದಾರರೇ, ನೀವು ಹೇಳಿದ್ದನ್ನು ಒಪ್ಪುತ್ತೇನೆ. ನನ್ನ ವಾದಕ್ಕೆ ಅದರಿಂದ ಬಲವೇ ಬರುತ್ತದೆ. ಕಾಡಿನಂಚಿನ ಮನುಷ್ಯನಿಗೆ ಎರಡು ಭಯಗಳಿದ್ದವು. ಕಾಡಿನಿಂದ ಬರುವವನು ರಾತ್ರಿ ಬರುತ್ತಾನೆ, ಜೀಪಿನಲ್ಲಿ ಬರುವವರು ಹಗಲು ಬರುತ್ತಾರೆ. ಇಬ್ಬರೂ ಒಂದೇ ಥರ ಹೊಡೆಯುವುದಾದರೆ ಅವನು ಯಾರನ್ನು ನಂಬಬೇಕು? ಸರ್ಕಾರದ ಕಡೆಯವರು ಕಾಪಾಡುತ್ತಾರೆ ಎಂಬ ಒಂದಿಷ್ಟು ಭರವಸೆಯಿದ್ದಿದ್ದರೆ ಜೀವದ ಆಸೆ ಬಿಟ್ಟಾದರೂ ಕೆಲವರು ಸುದ್ದಿ ಕೊಡುತ್ತಿದ್ದರು. ಅಂಥ ಭರವಸೆ ಒಮ್ಮೆ ಹುಟ್ಟಿಯೂ ಇತ್ತು.

ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. ವೀರಪ್ಪನ್ ಹುಟ್ಟಿದ ಗೋಪಿನಾಥಂನಲ್ಲಿಯೇ ಅವರು ಬಿಡಾರ ಹೂಡಿದರು, ಜನರಿಗೆ ಔಷಧ ಕೊಡಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ಅವನ ಕೂಟದಲ್ಲಿದ್ದ ಹಲವರು ಅವರ ಮಾತಿಗೆ ಬೆಲೆ ಕೊಟ್ಟು ಶರಣಾದರು. ಕೂಟ ಕರಗಿದ್ದು ಬಂದೂಕಿಲ್ಲದ ಈ ಅಧಿಕಾರಿಯಿಂದ. ಇವತ್ತಿಗೂ ಆ ಊರಿನವರು ಅವರ ಭಾವಚಿತ್ರಕ್ಕೆ ಕೈ ಮುಗಿಯುತ್ತಾರೆ. ಆಮೇಲೆ ಬಂದ ಯಾವ ಪಡೆಯ ಯಾವ ಅಧಿಕಾರಿಗೂ ಆ ಊರು ಆ ಗೌರವ ಕೊಟ್ಟಿಲ್ಲ.

ನಿವೃತ್ತ ದಫೇದಾರ

ಶರಣಾಗುತ್ತೇನೆಂಬ ಮಾತನ್ನು ನಂಬಿ, ಆಯುಧವಿಲ್ಲದೆ ಹೋದ ಅದೇ ಶ್ರೀನಿವಾಸ್ ಅವರನ್ನು 1991ರ ನವೆಂಬರ್‌ನಲ್ಲಿ ವೀರಪ್ಪನ್ ಕೊಂದ. ಇದನ್ನೂ ಸೇರಿಸಿ ಬರೆಯಿರಿ. ಅವರಿಗೆ ಕೀರ್ತಿ ಚಕ್ರ ಬಂತು, ಇಲಾಖೆಯವರಿಗೆ ಬೇರೊಂದು ಪಾಠ ಸಿಕ್ಕಿತು. ನಂಬಿದರೆ ಸಾಯುತ್ತೇವೆ ಎಂಬುದು ಆ ಪಾಠ. ಅದು ಸರಿಯೋ ತಪ್ಪೋ, ಆಮೇಲೆ ನಡೆದದ್ದೆಲ್ಲ ಅದರ ಮೇಲೆಯೇ ನಡೆಯಿತು.

ತಾಲ್ಲೂಕು ಕೋರ್ಟಿನ ವಕೀಲ

ಇಬ್ಬರೂ ಹಿರಿಯರು ಹೇಳಿದ್ದರ ನಡುವೆ ಕಾನೂನಿನ ಒಂದು ಎಳೆ ಇದೆ. ಅದನ್ನು ಎತ್ತಿ ತೋರಿಸುವುದು ಅಗತ್ಯ ಎಂದುಕೊಂಡಿದ್ದೇನೆ.

ಪೊಲೀಸರ ಎದುರು ಆರೋಪಿ ಮಾಡಿದ ತಪ್ಪೊಪ್ಪಿಗೆಯು ಸಾಕ್ಷ್ಯವಾಗುವುದಿಲ್ಲ ಎಂಬ ನಿಯಮ ಬ್ರಿಟಿಷರ ಕಾಲದ್ದು. 1872ರ ಸಾಕ್ಷ್ಯ ಅಧಿನಿಯಮದ 25 ಮತ್ತು 26ನೇ ಕಲಮುಗಳಲ್ಲಿದ್ದ ಅದು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿ ಮುಂದುವರಿದಿದೆ. ವಸಾಹತು ಸರ್ಕಾರಕ್ಕೇ ತನ್ನ ಪೊಲೀಸರು ಪಡೆಯುವ ತಪ್ಪೊಪ್ಪಿಗೆಯ ಮೇಲೆ ನಂಬಿಕೆ ಇರಲಿಲ್ಲ ಎಂಬುದು ಸಣ್ಣ ಮಾತಲ್ಲ. ಆದರೆ ಭಯೋತ್ಪಾದನೆ ತಡೆಗೆಂದು ಬಂದ ಟಾಡಾ ಕಾಯಿದೆಯು ಈ ಬಾಗಿಲನ್ನು ತೆರೆಯಿತು. ಎಸ್ಪಿ ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯೂ ಅದರಲ್ಲಿ ಸಾಕ್ಷ್ಯವಾಗುತ್ತಿತ್ತು. ನಮ್ಮ ಗಡಿ ಹಳ್ಳಿಗಳ ನೂರಕ್ಕೂ ಹೆಚ್ಚು ಜನ ಇದೇ ಕಾಯಿದೆಯಡಿ ಮೈಸೂರಿನ ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತರು. 2001ರಲ್ಲಿ ತೀರ್ಪು ಬಂದಾಗ ಅವರಲ್ಲಿ ಬಹುಪಾಲು ಮಂದಿ ಖುಲಾಸೆಯಾದರು.

ಇದು ಅಪರಾಧ ತಡೆಗೆ ಹೇಗೆ ಸಂಬಂಧಪಡುತ್ತದೆ ಎಂದು ಕೇಳಬಹುದು. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಅಪಹರಿಸಿದ ವೀರಪ್ಪನ್, ಮೈಸೂರಿನ ಈ ಟಾಡಾ ಬಂದಿಗಳನ್ನು ಬಿಡಬೇಕು, ಕಾರ್ಯಪಡೆಯಿಂದ ನೊಂದವರಿಗೆ ಪರಿಹಾರ ಕೊಡಬೇಕು ಎಂಬ ಬೇಡಿಕೆಗಳನ್ನೂ ಮುಂದಿಟ್ಟಿದ್ದ. ಕೊಲೆಗಾರನೊಬ್ಬ ನೊಂದ ಜನರ ವಕೀಲನಂತೆ ಮಾತನಾಡುವ ಅವಕಾಶವನ್ನು ಅವನಿಗೆ ಕೊಟ್ಟವರು ಯಾರು? ಆರೋಪಗಳನ್ನು ಹಿಂತೆಗೆದುಕೊಳ್ಳಲು ಸರ್ಕಾರಗಳು ಮುಂದಾದಾಗ ಸುಪ್ರೀಂ ಕೋರ್ಟಿಗೆ ಹೋಗಿ ಅದನ್ನು ತಡೆದವರು ಮೀಣ್ಯದಲ್ಲಿ ಮಡಿದ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ. ಕಾನೂನಿನ ದಾರಿ ಬಿಡಬೇಡಿ ಎಂದು ಸರ್ಕಾರಕ್ಕೆ ನೆನಪಿಸಿದವರು, ಆ ದಾರಿಯಲ್ಲಿ ಮಗನನ್ನು ಕಳೆದುಕೊಂಡ ಮುದುಕರು.

ಇನ್ನು ಕೇಬಲ್ ಕಳವಿನ ವಿಷಯ. ತಪ್ಪೊಪ್ಪಿಗೆ ಸಾಕ್ಷ್ಯವಲ್ಲದಿದ್ದರೂ, ಆರೋಪಿ ಹೇಳಿದ ಮಾತಿನಿಂದ ಒಂದು ವಸ್ತು ಪತ್ತೆಯಾದರೆ ಆ ಮಾತಿನ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ಹಿಂದೆ 27ನೇ ಕಲಮು, ಈಗ ಹೊಸ ಕಲಮಿನ ಪರಂತುಕ, ಅಂದರೆ ಅದಕ್ಕೆ ಸೇರಿಸಿದ ವಿನಾಯಿತಿಯ ಸಾಲು. ಠಾಣೆಯಲ್ಲಿ ಬೀಳುವ ಹೊಡೆತಗಳಲ್ಲಿ ದೊಡ್ಡ ಪಾಲು ಈ ಒಂದು ಸಾಲಿನಿಂದ ಬೀಳುತ್ತದೆ ಎಂಬುದು ನನ್ನ ವೃತ್ತಿ ಕಲಿಸಿದ ತಿಳಿವಳಿಕೆ. ಇದನ್ನು ದಫೇದಾರರು ನನಗಿಂತ ಚೆನ್ನಾಗಿ ವಿವರಿಸಬಲ್ಲರು.

ನಿವೃತ್ತ ದಫೇದಾರ

ವಕೀಲರು ನೋವಿರುವ ಕಡೆಯೇ ಕೈ ಇಟ್ಟಿದ್ದಾರೆ. ಹೇಳುತ್ತೇನೆ.

ಠಾಣೆಯಲ್ಲಿ ಅದಕ್ಕೆ ‘ರಿಕವರಿ’ ಎನ್ನುತ್ತೇವೆ. ತಿಂಗಳ ಅಪರಾಧ ಸಭೆಯಲ್ಲಿ ಸಾಹೇಬರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಕಳವು ಪ್ರಕರಣ ಪತ್ತೆಯಾಯಿತು, ಎಷ್ಟು ಗ್ರಾಂ ಚಿನ್ನ ಬಂತು. ಬೆರಳಚ್ಚು ತಜ್ಞರು ಜಿಲ್ಲಾ ಕೇಂದ್ರದಿಂದ ಬರಬೇಕು, ಅವರು ಬರುವಷ್ಟರಲ್ಲಿ ಮನೆಯವರು ಬೀರುವನ್ನು ಹತ್ತು ಸಲ ಮುಟ್ಟಿರುತ್ತಾರೆ. ಒಂದೇ ಠಾಣೆಗೆ ಬಂದೋಬಸ್ತು, ಜಾತ್ರೆ, ಸಮನ್ಸ್, ಪಾಸ್‌ಪೋರ್ಟ್ ಪರಿಶೀಲನೆ, ಮಂತ್ರಿಗಳ ಪ್ರವಾಸ ಎಲ್ಲವೂ ಬೀಳುತ್ತವೆ. ಆಗ ಕೈಗೆ ಸಿಗುವವರು ಹಳೇ ಎಂಓಬಿಗಳು, ಅಂದರೆ ಹಿಂದೊಮ್ಮೆ ಕಳವು ಮಾಡಿ ರಿಜಿಸ್ಟರಿನಲ್ಲಿ ಹೆಸರು ಬಂದವರು. ಅವರನ್ನು ಕರೆತಂದು ಟ್ರೀಟ್‌ಮೆಂಟ್ ಕೊಡುತ್ತಾರೆ. ‘ಏರೋಪ್ಲೇನ್ ಹತ್ತಿಸುವುದು’ ಎಂದರೇನೆಂದು ಇಲ್ಲಿ ವಿವರಿಸುವುದು ಬೇಡ, ತಿಳಿದವರಿಗೆ ತಿಳಿದಿದೆ. ಎರಡನೇ ದಿನಕ್ಕೆ ಅವನು ಒಂದು ಅಂಗಡಿಯ ಹೆಸರು ಹೇಳುತ್ತಾನೆ. ಅವನು ಅಲ್ಲಿ ಮಾರಿದ್ದನೋ ಇಲ್ಲವೋ, ಅಂಗಡಿಯವನು ಕೋರ್ಟು ಅಲೆಯುವ ತಾಪತ್ರಯ ಬೇಡವೆಂದು ಅಷ್ಟು ತೂಕದ ಚಿನ್ನ ಕೊಡುತ್ತಾನೆ. ಕಾಗದದ ಮೇಲೆ ಪ್ರಕರಣ ಪತ್ತೆಯಾಯಿತು. ಸರ ಕಳೆದುಕೊಂಡ ಹೆಂಗಸು, ಇದು ನನ್ನ ಸರವಲ್ಲ ಎಂದರೂ ಕೊಟ್ಟದ್ದನ್ನು ಕಟ್ಟಿಕೊಂಡು ಹೋಗುತ್ತಾಳೆ.

ನಿಜವಾಗಿ ಕದ್ದವನು? ಅವನು ಮುಂದಿನ ಬೀದಿಯಲ್ಲಿ ಬೀಗ ನೋಡುತ್ತಿರುತ್ತಾನೆ. ನಾನು ಕೆಲಸ ಮಾಡಿದ ಒಂದು ಠಾಣೆಯಲ್ಲಿ ಪತ್ತೆಯ ಸಂಖ್ಯೆ ಏರುತ್ತಿದ್ದ ವರ್ಷವೇ ಕಳವೂ ಏರಿತು. ಅದನ್ನು ಸಭೆಯಲ್ಲಿ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಹುಬ್ಬಳ್ಳಿಯ ಗೃಹಿಣಿ

ನೀವೆಲ್ಲ ಕಳವಿನ ಮಾತಾಡುತ್ತಿದ್ದೀರಿ. ನಾನು ಮಕ್ಕಳ ಮಾತಾಡುತ್ತೇನೆ. 2025ರ ಏಪ್ರಿಲ್ 13ರಂದು ನಮ್ಮ ಊರಿನಲ್ಲಿ ಐದು ವರ್ಷದ ಕೂಸನ್ನು ಎತ್ತಿಕೊಂಡು ಹೋಗಿ ಕೊಂದ ಆರೋಪಿಯು ಅದೇ ದಿನ ಪೊಲೀಸರ ಗುಂಡಿಗೆ ಸತ್ತ. ಗುಂಡು ಹಾರಿಸಿದವರು ಒಬ್ಬ ಮಹಿಳಾ ಪಿಎಸ್‌ಐ. ಠಾಣೆಯ ಮುಂದೆ ಸೇರಿದ್ದ ನಮ್ಮ ಓಣಿಯ ಹೆಣ್ಣುಮಕ್ಕಳು ಆ ರಾತ್ರಿ ಮೊದಲ ಸಲ ನೆಮ್ಮದಿಯ ಉಸಿರು ಬಿಟ್ಟರು. ಅದು ಸುಳ್ಳಲ್ಲ. ಇಂಥವರಿಗೆ ವಿಚಾರಣೆ, ಜಾಮೀನು, ಮೇಲ್ಮನವಿ ಎಂದು ಹತ್ತು ವರ್ಷ ಕೊಡಬೇಕೇ? ಭಯ ಹುಟ್ಟದೆ ಇಂಥ ಅಪರಾಧ ನಿಲ್ಲುವುದು ಹೇಗೆ? ಕಾನೂನು ಓದಿದವರು ದಯವಿಟ್ಟು ತಾಯಂದಿರ ಕಡೆಯಿಂದಲೂ ಯೋಚಿಸಬೇಕು.

ತಾಲ್ಲೂಕು ಕೋರ್ಟಿನ ವಕೀಲ

ಅಕ್ಕನವರೇ, ನಿಮ್ಮ ಸಿಟ್ಟನ್ನು ಹಗುರವಾಗಿ ಕಾಣುವ ಧೈರ್ಯ ನನಗಿಲ್ಲ. ಹುಬ್ಬಳ್ಳಿಯ ಪ್ರಕರಣದ ತನಿಖೆ ಸಿಐಡಿಗೆ ಹೋಗಿ ಹೈಕೋರ್ಟಿನ ಕಣ್ಣಿಗೂ ಬಿದ್ದಿರುವುದರಿಂದ ಅದರ ಸರಿ ತಪ್ಪನ್ನು ಇಲ್ಲಿ ತೀರ್ಮಾನಿಸಲಾರೆ. ಆದರೆ ಇದೇ ನೆಮ್ಮದಿಯ ಉಸಿರನ್ನು 2019ರ ಡಿಸೆಂಬರ್ 6ರಂದು ಹೈದರಾಬಾದಿನವರೂ ಬಿಟ್ಟಿದ್ದರು. ಪಶುವೈದ್ಯೆಯ ಮೇಲೆ ಅತ್ಯಾಚಾರ ಮಾಡಿ ಕೊಂದ ಆರೋಪ ಹೊತ್ತಿದ್ದ ನಾಲ್ವರು ಚಟಾನ್‌ಪಲ್ಲಿಯ ಬಳಿ ಎನ್‌ಕೌಂಟರಿನಲ್ಲಿ ಸತ್ತಾಗ ಪೊಲೀಸರ ಮೇಲೆ ಹೂವಿನ ಮಳೆ ಸುರಿಯಿತು. ಕರ್ನಾಟಕದಲ್ಲಿಯೂ ಸಿಹಿ ಹಂಚಿದರು. ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್‌ಪುರ್‌ಕರ್ ಆಯೋಗದ ವರದಿ 2022ರಲ್ಲಿ ಹೊರಬಂದಾಗ ಬೇರೆಯೇ ಚಿತ್ರ ಕಂಡಿತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು, ಸತ್ತವರಲ್ಲಿ ಮೂವರು ಅಪ್ರಾಪ್ತರಾಗಿದ್ದರು, ಹತ್ತು ಪೊಲೀಸರ ಮೇಲೆ ಕೊಲೆಯ ವಿಚಾರಣೆ ನಡೆಯಬೇಕು ಎಂದು ಆಯೋಗ ಹೇಳಿತು.

ನಿಮ್ಮ ತಾಯ್ತನದ ಕಡೆಯಿಂದಲೇ ಒಂದು ಪ್ರಶ್ನೆ ಕೇಳಲು ಅಪ್ಪಣೆ ಕೊಡಿ. ಹಿಡಿದವನೇ ಅಪರಾಧಿ ಎಂಬುದನ್ನು ಕೋರ್ಟು ಪರೀಕ್ಷಿಸುವ ಮೊದಲೇ ಅವನು ಸತ್ತರೆ, ಅವನ ಜೊತೆಗೆ ಇನ್ನೊಬ್ಬನಿದ್ದನೇ, ಹಿಂದೆ ಬೇರೆ ಮಕ್ಕಳಿಗೆ ಏನಾದರೂ ಮಾಡಿದ್ದನೇ ಎಂಬ ತನಿಖೆಯನ್ನು ಯಾರು ಮುಂದುವರಿಸುತ್ತಾರೆ? ಆರೋಪಿ ಸತ್ತ ದಿನ ಕಡತವೂ ಮುಚ್ಚುತ್ತದೆ. ತಪ್ಪು ಮನುಷ್ಯನನ್ನು ಹಿಡಿದಿದ್ದರೆ, ನಿಜವಾದವನಿಗೆ ಅದಕ್ಕಿಂತ ದೊಡ್ಡ ವರ ಬೇರೆಯಿಲ್ಲ. ಇದನ್ನೆಲ್ಲ ಯೋಚಿಸಿಯೇ 2014ರಲ್ಲಿ ಸುಪ್ರೀಂ ಕೋರ್ಟು ಎನ್‌ಕೌಂಟರ್ ಸಾವುಗಳ ತನಿಖೆಗೆ 16 ಸೂಚನೆಗಳನ್ನು ಕೊಟ್ಟು, ಘಟನೆಯ ಬೆನ್ನಲ್ಲೇ ಬಡ್ತಿ, ಶೌರ್ಯಪದಕ ಕೊಡಬಾರದು ಎಂದೂ ಹೇಳಿತು.

ಹುಬ್ಬಳ್ಳಿಯ ಗೃಹಿಣಿ

ಕಡತ ಮುಚ್ಚುವ ಮಾತು ಯೋಚಿಸುವಂಥದ್ದೇ. ಆದರೂ ನ್ಯಾಯಾಲಯ ಬೇಗ ತೀರ್ಪು ಕೊಡುತ್ತಿದ್ದರೆ ನಾವು ಬಂದೂಕಿಗೆ ಹೂ ಹಾಕುತ್ತಿರಲಿಲ್ಲ. ನಮ್ಮನ್ನು ತಿದ್ದುವ ಮೊದಲು ಅದನ್ನು ತಿದ್ದಿ.

ಕಡಲಾಚೆಯ ಓದುಗ

ಇಲ್ಲಿ ಅಮೆರಿಕದಲ್ಲಿ ಇದೇ ಪ್ರಶ್ನೆಯನ್ನು ಅಂಕಿಸಂಖ್ಯೆಗಳಿಂದ ಅಳೆಯುವ ಪ್ರಯತ್ನ ನಡೆದಿದೆ. 2004ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್‌ವಾಕಿಯಲ್ಲಿ ಕರ್ತವ್ಯದಲ್ಲಿಲ್ಲದ ಪೊಲೀಸರ ಗುಂಪೊಂದು ಕಪ್ಪು ಯುವಕನೊಬ್ಬನನ್ನು ಭೀಕರವಾಗಿ ಹೊಡೆಯಿತು. ಆ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲಿನ ಒಂದು ವರ್ಷದಲ್ಲಿ, ತುರ್ತು ಸಹಾಯಕ್ಕಾಗಿ 911ಕ್ಕೆ ಬರುತ್ತಿದ್ದ ಕರೆಗಳು ಸುಮಾರು 22 ಸಾವಿರದಷ್ಟು ಕಡಿಮೆಯಾದವು, ಈ ಕುಸಿತದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಪ್ಪು ಜನರ ಬಡಾವಣೆಗಳದ್ದು ಎಂದು ಮ್ಯಾಥ್ಯೂ ಡೆಸ್ಮಂಡ್ ಮತ್ತು ಇನ್ನಿಬ್ಬರು ಸಮಾಜಶಾಸ್ತ್ರಜ್ಞರು 2016ರಲ್ಲಿ ಬರೆದರು.

ಈ ಅಧ್ಯಯನವನ್ನು ಎಲ್ಲರೂ ಒಪ್ಪಿಲ್ಲ. 2020ರಲ್ಲಿ ಇನ್ನೊಬ್ಬ ಸಂಶೋಧಕರು ಅದೇ ದತ್ತಾಂಶವನ್ನು ಮತ್ತೆ ಲೆಕ್ಕಹಾಕಿ, ಈ ತೀರ್ಮಾನಕ್ಕೆ ಗಟ್ಟಿ ಆಧಾರವಿಲ್ಲ ಎಂದರು. ಮೂಲ ಲೇಖಕರು ಉತ್ತರವನ್ನೂ ಕೊಟ್ಟರು. ಆದ್ದರಿಂದ ಇದನ್ನು ಸಾಬೀತಾದ ಸತ್ಯವೆಂದು ನಾನು ಮುಂದಿಡುತ್ತಿಲ್ಲ. ಆದರೂ ಅವರು ಕೇಳಿದ ಪ್ರಶ್ನೆ ಇಲ್ಲಿಗೂ ಹೊಂದುತ್ತದೆ. ಠಾಣೆಯಲ್ಲಿ ದಾಖಲಾದ ದೂರುಗಳು ಕಡಿಮೆಯಾದರೆ ನಾವು ಅಪರಾಧ ಇಳಿಯಿತೆಂದು ಓದುತ್ತೇವೆ. ಜನ ದೂರು ಕೊಡುವುದನ್ನೇ ಬಿಟ್ಟಿದ್ದರೂ ಕಾಗದದ ಮೇಲೆ ಕಾಣುವುದು ಅದೇ ಸಂಖ್ಯೆ.

ಚನ್ನಗಿರಿ ಕಡೆಯ ಮೇಷ್ಟ್ರು

ಜನರ ಭಾವನೆ ಎಂದು ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಯಾರಿಗೆ ಏಟು ಬೀಳುತ್ತದೆ, ಯಾರು ಚಪ್ಪಾಳೆ ತಟ್ಟುತ್ತಾರೆ ಎಂಬುದನ್ನು ಬೇರೆಬೇರೆಯಾಗಿ ನೋಡಬೇಕು. ಅಂಗಡಿ ಬೀದಿಯವರು, ಜಮೀನುಳ್ಳವರು, ನನ್ನಂಥ ಸಂಬಳದವರು ಠಾಣೆಗೆ ಹೋದರೆ ಕುರ್ಚಿ ಸಿಗುತ್ತದೆ. ಕೂಲಿಯವನು, ಅಲೆಮಾರಿ, ಬೇರೆ ರಾಜ್ಯದಿಂದ ಬಂದ ಗಾರೆ ಕೆಲಸದವನು ಹೋದರೆ ನಿಂತೇ ಮಾತಾಡಬೇಕು. ರುಬ್ಬಿ ಎನ್ನುವವರಲ್ಲಿ ಹೆಚ್ಚಿನವರು, ರುಬ್ಬಿಸಿಕೊಳ್ಳುವ ಸಾಧ್ಯತೆಯೇ ಇಲ್ಲದವರು. ಬ್ರಿಟಿಷರ ಕಾಲದ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯಡಿ ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಯಾಗಿದ್ದ ಕೊರಚ, ಕೊರಮರಂಥ ಸಮುದಾಯಗಳ ಹಿರಿಯರನ್ನು ಕೇಳಿ ನೋಡಿ. ಸ್ವಾತಂತ್ರ್ಯಾನಂತರ ಆ ಕಾಯಿದೆ ರದ್ದಾಯಿತು, ಕಳವಾದ ಮರುದಿನ ಅವರ ಗುಡಿಸಲಿನ ಮುಂದೆ ಜೀಪು ನಿಲ್ಲುವ ರೂಢಿ ಹಾಗೆಲ್ಲ ರದ್ದಾಗಲಿಲ್ಲ. ಆ ಕೇರಿಯಲ್ಲಿ ನಿಜವಾಗಿ ಏನಾದರೂ ಕಂಡವರಿದ್ದರೂ ಪೊಲೀಸರಿಗೆ ಹೇಳುವರೇ?

ನಮ್ಮ ಜಿಲ್ಲೆಯ ಉದಾಹರಣೆಯನ್ನೂ ಹೇಳುತ್ತೇನೆ. 2024ರ ಮೇ ತಿಂಗಳಲ್ಲಿ ಚನ್ನಗಿರಿ ಠಾಣೆಗೆ ಕರೆತಂದಿದ್ದ ಯುವಕನೊಬ್ಬ ಸತ್ತ. ಅನಾರೋಗ್ಯದಿಂದ ಎಂದು ಪೊಲೀಸರೂ, ಹೊಡೆತದಿಂದ ಎಂದು ಊರಿನವರೂ ಹೇಳಿದರು. ಆ ರಾತ್ರಿ ಗುಂಪು ಠಾಣೆಗೇ ನುಗ್ಗಿ ವಾಹನಗಳನ್ನು ಉರುಳಿಸಿತು, ಪೊಲೀಸರು ಗಾಯಗೊಂಡರು, ತನಿಖೆ ಸಿಐಡಿಗೆ ಹೋಯಿತು. ಸಾವಿನ ಕಾರಣ ಏನೇ ಇರಲಿ, ಪೊಲೀಸರ ಮೊದಲ ಮಾತನ್ನು ಊರಿನ ಒಂದು ಭಾಗ ಒಂದು ಗಂಟೆಯ ಕಾಲವೂ ನಂಬಲಿಲ್ಲ. ಆ ಅಪನಂಬಿಕೆ ಆ ರಾತ್ರಿ ಹುಟ್ಟಿದ್ದಲ್ಲ. ಗುಂಪು ಮಾಡಿದ್ದನ್ನು ನಾನು ಸಮರ್ಥಿಸುತ್ತಿಲ್ಲ. ಕಲ್ಲು ಬಿದ್ದದ್ದು ಬಹುಶಃ ಹೊಡೆತಕ್ಕೆ ಸಂಬಂಧವೇ ಇಲ್ಲದ ಯಾವುದೋ ಕಾನ್‌ಸ್ಟೆಬಲ್ಲಿನ ತಲೆಗೆ.

ನಿವೃತ್ತ ದಫೇದಾರ

ಮೇಷ್ಟ್ರು ಕಾನ್‌ಸ್ಟೆಬಲ್ಲಿನ ತಲೆಯನ್ನು ನೆನೆದಿದ್ದಕ್ಕೆ ಕೃತಜ್ಞ.

ಇಲಾಖೆಯೊಳಗೆ ಎಲ್ಲರೂ ಒಂದೇ ರೀತಿ ಯೋಚಿಸುತ್ತಾರೆ ಎಂದು ಭಾವಿಸಬೇಡಿ. ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳು ದೇಶದ ಎಂಟು ಸಾವಿರಕ್ಕೂ ಹೆಚ್ಚು ಪೊಲೀಸರನ್ನು ಮಾತನಾಡಿಸಿ 2025ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಪಾಯಕಾರಿ ಅಪರಾಧಿಗಳನ್ನು ವಿಚಾರಣೆಗಿಂತ ಕೊಲ್ಲುವುದೇ ಮೇಲು ಎಂದವರು ನೂರಕ್ಕೆ 22 ಮಂದಿ. ನಾಲ್ವರಲ್ಲಿ ಮೂವರ ಹತ್ತಿರ ಹತ್ತಿರ, ಕಾನೂನಿನ ದಾರಿಯೇ ಸರಿ ಎಂದಿದ್ದಾರೆ. ಅದೇ ವರದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಜನರಲ್ಲಿ ಭಯ ಹುಟ್ಟಿಸಲು ಕಠಿಣ ಕ್ರಮ ಬೇಕೆಂದೂ ಹೇಳಿದ್ದಾರೆ. ಒಂದೇ ಮನುಷ್ಯನ ತಲೆಯಲ್ಲಿ ಇವೆರಡೂ ಇರುತ್ತವೆ. ನನ್ನ ತಲೆಯಲ್ಲಿಯೂ ಇದ್ದವು.

ಅಪರಾಧ ತಡೆಗೆ ನನ್ನ ಅನುಭವದಲ್ಲಿ ಉಪಯೋಗಕ್ಕೆ ಬಂದದ್ದು ಬೀಟ್. 2017ರಲ್ಲಿ ನಮ್ಮ ರಾಜ್ಯದಲ್ಲಿ ಬೀಟ್ ವ್ಯವಸ್ಥೆಯನ್ನು ಬದಲಿಸಿ, ಒಬ್ಬೊಬ್ಬ ಕಾನ್‌ಸ್ಟೆಬಲ್ಲಿಗೆ ಇಂತಿಷ್ಟು ಪ್ರದೇಶವೆಂದು ಜವಾಬ್ದಾರಿ ಕೊಟ್ಟರು. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಕಾರ್ಯಕ್ರಮವೂ ಬಂತು. ಹೆಸರು ಯಾವುದಾದರೂ ಇರಲಿ, ಒಬ್ಬನೇ ಮನುಷ್ಯ ಅದೇ ಬೀದಿಗೆ ಮತ್ತೆ ಮತ್ತೆ ಬಂದು, ಟೀ ಅಂಗಡಿಯಲ್ಲಿ ದುಡ್ಡು ಕೊಟ್ಟು ಟೀ ಕುಡಿದು, ಹೆಸರು ಹಿಡಿದು ಮಾತಾಡಿಸಿದರೆ ಸುದ್ದಿ ತಾನಾಗಿ ಬರುತ್ತದೆ. ‘ಸಾರ್, ಆ ತೋಟದ ಮನೆಗೆ ರಾತ್ರಿ ಹೊಸ ಆಟೊ ಬರ್ತಿದೆ’ ಎಂದು ಯಾರೋ ಹೇಳುತ್ತಾರೆ. ಕೇಬಲ್ ಕಳ್ಳರು ಸಿಗುವುದು ಹಾಗೆ. ತಾಮ್ರ ಕೊಳ್ಳುವ ಗುಜರಿಯವನನ್ನು ಗಮನಿಸಿದರೆ ಅರ್ಧ ಕೆಲಸ ಮುಗಿಯಿತು. ದುಡ್ಡು ಕೊಟ್ಟು ಟೀ ಕುಡಿಯುವುದು ಮುಖ್ಯ. ನಗಬೇಡಿ.

ಆ ಬೀಟಿನವನು ನಿನ್ನೆ ಅದೇ ಬೀದಿಯ ಹುಡುಗನಿಗೆ ಎಲ್ಲರೆದುರು ಕಪಾಳಕ್ಕೆ ಹೊಡೆದಿದ್ದರೆ, ಇವತ್ತು ಯಾರೂ ಆಟೊ ಬಂದ ಸುದ್ದಿ ಹೇಳುವುದಿಲ್ಲ. ಮತ್ತೆ ಆ ಬೀದಿಯ ಬಾಯಿ ತೆರೆಸಲು ಹೊಸ ಮನುಷ್ಯನೇ ಬರಬೇಕು.

ಹನೂರು ಸೀಮೆಯವ

ಇದನ್ನೇ ನಾನು ಕೇಳಬೇಕೆಂದಿದ್ದೆ. ಇನ್ನೊಂದು ಪ್ರಶ್ನೆ ಉಳಿದಿದೆ. ಕಳವಿನ ಅನುಮಾನದ ಮೇಲೆ ನಮ್ಮ ಕಡೆಯ ಹುಡುಗರನ್ನು ಠಾಣೆಗೆ ಕರೆದುಕೊಂಡು ಹೋದಾಗ ಹೆತ್ತವರು ಅಲ್ಲಿಯೇ ಅಂದೇ ಏನು ಮಾಡಬಹುದು? ‘ಮಾನವ ಹಕ್ಕು’ ಎಂದರೆ ಠಾಣೆಯಲ್ಲಿ ಇನ್ನಷ್ಟು ಸಿಟ್ಟು ಬರುತ್ತದೆ ಎಂದು ಜನ ಹೆದರುತ್ತಾರೆ.

ತಾಲ್ಲೂಕು ಕೋರ್ಟಿನ ವಕೀಲ

ದೊಡ್ಡ ಶಬ್ದಗಳನ್ನು ಬಳಸುವ ಅಗತ್ಯವಿಲ್ಲ, ಸಣ್ಣ ಕಾಗದಗಳನ್ನು ಕೇಳಿದರೆ ಸಾಕು. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣವಾದರೆ ಬಂಧಿಸುವ ಬದಲು ಹಾಜರಾಗಲು ನೋಟಿಸ್ ಕೊಡುವುದಕ್ಕೆ ಸಿಆರ್‌ಪಿಸಿಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಲ್ಲಿ ಅವಕಾಶವಿದೆ, ಆ ನೋಟಿಸನ್ನು ಕೇಳಿ. ಬಂಧಿಸಿದ್ದಾರೆಂದರೆ ಬಂಧನದ ಮೆಮೊ ಕೇಳಿ. ಪೊಲೀಸ್ ವಶದಲ್ಲಿನ ಸಾವುಗಳ ಕುರಿತ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ ಅದರಲ್ಲಿ ದಿನಾಂಕ, ವೇಳೆ ಇರಬೇಕು, ಮನೆಯವರೋ ಊರಿನ ಗಣ್ಯರೋ ಸಾಕ್ಷಿ ಹಾಕಬೇಕು. ಆ ವೇಳೆಯಿಂದಲೇ 24 ಗಂಟೆ ಎಣಿಸುತ್ತದೆ, ಅಷ್ಟರೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಠಾಣೆಗಳಲ್ಲಿ ನಡೆಯುವ ಬಹಳಷ್ಟು ಹೊಡೆತಗಳು ಮೆಮೊ ಬರೆಯುವ ಮೊದಲಿನ, ‘ಸುಮ್ಮನೆ ವಿಚಾರಣೆಗೆ’ ಕರೆತಂದ ಹೊತ್ತಿನಲ್ಲಿ ಬೀಳುತ್ತವೆ. ಆದ್ದರಿಂದ ಮನೆಯಿಂದ ಕರೆದೊಯ್ದ ವೇಳೆಯನ್ನು ನೀವೂ ಬರೆದಿಟ್ಟುಕೊಳ್ಳಿ, ಒಯ್ದ ಕೂಡಲೇ ಎಸ್ಪಿ ಕಚೇರಿಗೆ ಒಂದು ಸಂದೇಶ ಕಳುಹಿಸಿ. ಮ್ಯಾಜಿಸ್ಟ್ರೇಟರು ಹೊಡೆದರೇ ಎಂದು ಕೇಳಿದಾಗ ಹುಡುಗ ಇಲ್ಲ ಎಂದುಬಿಟ್ಟರೆ ಆಮೇಲೆ ಕಷ್ಟ, ಇದನ್ನು ಮೊದಲೇ ಅವನಿಗೆ ತಿಳಿಸುವುದು ವಕೀಲರ ಕೆಲಸ.

ತಪ್ಪೊಪ್ಪಿಗೆಗಾಗಿ ಹೊಡೆಯುವುದು ಐಪಿಸಿಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಮಿನಡಿ ಏಳು ವರ್ಷದವರೆಗೆ, ತೀವ್ರ ಗಾಯವಾದರೆ ಹತ್ತು ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ. ಚಿತ್ರಹಿಂಸೆಯ ವಿರುದ್ಧ ಪ್ರತ್ಯೇಕ ಕಾಯಿದೆ ನಮ್ಮಲ್ಲಿ ಇಲ್ಲ. ವಿಶ್ವಸಂಸ್ಥೆಯ ಒಡಂಬಡಿಕೆಗೆ 1997ರಲ್ಲಿ ಸಹಿ ಹಾಕಿದ ನಾವು ಅದನ್ನು ಇನ್ನೂ ಅನುಮೋದಿಸಿಲ್ಲ, 2010ರ ಮಸೂದೆ ಲೋಕಸಭೆ ದಾಟಿಯೂ ಕಾಯಿದೆಯಾಗಲಿಲ್ಲ. ಪೊಲೀಸ್ ಸುಧಾರಣೆಯ ಕುರಿತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ಕೊಟ್ಟ ತೀರ್ಪಿನಂತೆ ನಮ್ಮ ರಾಜ್ಯದಲ್ಲಿ ಪೊಲೀಸ್ ದೂರು ಪ್ರಾಧಿಕಾರಕ್ಕೆ ಕಾನೂನಿನ ಆಧಾರವಿದೆ, ಅಲ್ಲಿಗೆ ಬರೆಯಬಹುದು. ಅದು ಬೇಗ ಫಲ ಕೊಡುತ್ತದೆ ಎಂದು ಮಾತ್ರ ಭರವಸೆ ಕೊಡಲಾರೆ.

ಎಲ್ಲಕ್ಕಿಂತ ಉಪಯುಕ್ತವಾದದ್ದು ಕ್ಯಾಮೆರಾ. 2020ರ ಡಿಸೆಂಬರ್ 2ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಎಲ್ಲ ಠಾಣೆಗಳ ಲಾಕಪ್ಪು, ವರಾಂಡ, ಬಾಗಿಲುಗಳಲ್ಲಿ ಧ್ವನಿಯೂ ದಾಖಲಾಗುವ ಸಿಸಿಟಿವಿ ಹಾಕಬೇಕೆಂದು, ದೃಶ್ಯಗಳನ್ನು 18 ತಿಂಗಳು, ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕೆಂದು ಹೇಳಿದೆ. ಕ್ಯಾಮೆರಾ ಕೆಟ್ಟಿತ್ತು ಎಂಬ ಉತ್ತರ ಬರುವುದು ಸಾಮಾನ್ಯ. ಆ ಉತ್ತರವನ್ನೂ ಬರಹದಲ್ಲಿಯೇ ಪಡೆದುಕೊಳ್ಳಿ. ಅರ್ಜಿಯಲ್ಲಿ ದಿನಾಂಕ, ವೇಳೆ, ಠಾಣೆಯ ಯಾವ ಕೋಣೆ ಎಂಬುದನ್ನು ಸ್ಪಷ್ಟವಾಗಿ ಬರೆದು ದೃಶ್ಯವನ್ನು ಅಳಿಸದೆ ಕಾಯ್ದಿರಿಸುವಂತೆ ಕೇಳಿ, ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ.